ಗಾಜಿನ ಬಾಗಿಲಿಗೆ ಅಂಟಿಸಿದ ನಿಯಮ

ಪ್ರತಿ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ನಾವು ಒಂದಿಷ್ಟು ಕನ್ನಡದ ಮಂದಿ ಈ ಪರದೇಶದಲ್ಲಿ, ರೇನರ್ಸ್ ಲೇನ್ ಎಂಬ ಬಡಾವಣೆಯ ಒಂದು ಬಾಡಿಗೆ ಹಾಲಿನಲ್ಲಿ ಸೇರುತ್ತೇವೆ. ಸಂಘ ಅನ್ನುವಷ್ಟು ದೊಡ್ಡದಲ್ಲ, ಹರಟೆ ಅನ್ನುವಷ್ಟು ಸಣ್ಣದೂ ಅಲ್ಲ. ಒಂದೆರಡು ಹಾಡು, ಯಾರಾದರೂ ಊರಿಗೆ ಹೋಗಿ ಬಂದಿದ್ದರೆ ಅದರ ವರದಿ, ಆಮೇಲೆ ಚಹಾ. ನಮ್ಮ ಹಾಗೆ ಮೂವತ್ತು ವರ್ಷದ ಹಿಂದೆ ಆಸ್ಪತ್ರೆಯ ಕೆಲಸಕ್ಕೆ ಬಂದು ಉಳಿದವರು ಕೆಲವರು, ಈಚೆಗೆ ಐ.ಟಿ. ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಕೆಲವರು. ಧಾರವಾಡ, ಮೈಸೂರು, ಮಂಗಳೂರು ಎಂದು ಒಳಗೆ ಬಂದವರು ಅರ್ಧ ಗಂಟೆಯಲ್ಲಿ ಬೆಂಗಳೂರಿನ ಕನ್ನಡಕ್ಕೆ ಇಳಿದುಬಿಡುತ್ತೇವೆ. ನಾನೂ ಇಳಿಯುತ್ತೇನೆ. ಮನೆಗೆ ಹೋಗುವಾಗ ಕಾರಿನಲ್ಲಿ ನನ್ನ ಗಂಡ ಅದಕ್ಕೆ ನಗುತ್ತಾರೆ.

ಹಾಲಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಯಾರೂ ನನ್ನನ್ನು ಕಾರ್ಯದರ್ಶಿ ಎಂದು ಆರಿಸಲಿಲ್ಲ. ಒಮ್ಮೆ ಬೀಗದ ಕೈ ತೆಗೆದುಕೊಂಡೆ, ವಾಪಸು ಕೇಳುವವರು ಸಿಗಲಿಲ್ಲ. ಹೀಗಾಗಿ ಕುರ್ಚಿ ಹಾಕಿಸುವುದು, ಹೀಟರ್ ಹಚ್ಚುವುದು, ವಾಟ್ಸ್ಯಾಪ್ ಗುಂಪಿನಲ್ಲಿ ಸೂಚನೆ ಹಾಕುವುದು ಎಲ್ಲ ನನ್ನ ಪಾಲಿಗೆ ಬಂದಿದೆ. ಹಾಲಿನ ಕಿಟಕಿಗಳಿಗೆ ಎಷ್ಟೋ ಸಲ ಬಣ್ಣ ಬಳಿದು ಬಳಿದು ಅವು ಈಗ ತೆರೆಯುವುದಿಲ್ಲ. ಗಾಳಿ ಬರುವುದು ಒಂದೇ ಕಡೆಯಿಂದ, ಕಾರು ನಿಲ್ಲಿಸುವ ಅಂಗಳಕ್ಕೆ ತೆರೆಯುವ ಎರಡು ಕದದ ಗಾಜಿನ ಬಾಗಿಲಿನಿಂದ. ನಾನು ಹೇಳುವ ಸಂಗತಿ ನಡೆದದ್ದು ಆ ಬಾಗಿಲಿನ ಒಳಗೆ ಮತ್ತು ಹೊರಗೆ.

ಒಂದು ಡಿಸೆಂಬರಿನಲ್ಲಿ ಕೊಲಿಂಡೇಲ್ ಬಡಾವಣೆಯಿಂದ ಒಬ್ಬಳು ಫೋನ್ ಮಾಡಿದಳು. ಮೂವತ್ತರ ಆಸುಪಾಸು, ಗಂಡನ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿರುವವಳು. ಗುಂಪಿನಲ್ಲಿ ಅವಳ ನಂಬರ್ ಇತ್ತು, ಮುಖ ನಾನು ನೋಡಿರಲಿಲ್ಲ. ಒಂದು ವರ್ಷದ ಹಿಂದೆ ಅವಳಿಗೆ ಕಿಡ್ನಿ ಹಾಕಿದ್ದರು. ಅದು ಅವಳ ಅಮ್ಮನ ಕಿಡ್ನಿ. ಆಕೆ ಊರಿನಿಂದ ಬಂದು, ಕೊಟ್ಟು, ಗಾಯ ಮಾಯ್ದ ಮೇಲೆ ಹಿಂದಿರುಗಿದ್ದರು. ದೇಹ ಅದನ್ನು ಪರರ ಸೊತ್ತು ಎಂದು ಹೊರಗೆ ದಬ್ಬದಿರಲಿ ಅಂತ ಔಷಧ ಕೊಟ್ಟು ಅವಳ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿಟ್ಟಿದ್ದರು. ನಮಗೆ ಎರಡು ದಿನದ ಶೀತ ಆಗುವುದು ಅವಳಿಗೆ ಎರಡು ವಾರದ ಆಸ್ಪತ್ರೆ ಆಗಬಹುದು. ವರ್ಷದಿಂದ ಅವಳು ಕಂಡದ್ದು ಕ್ಲಿನಿಕ್ಕು ಮತ್ತು ಮನೆಯ ಹತ್ತಿರದ ಪಾರ್ಕು. ಗಂಡ ಆಫೀಸಿನಿಂದ ಸೀನುತ್ತಾ ಬಂದರೆ ಅವನಿಗೆ ಬೇರೆ ಕೋಣೆ.

“ಆಂಟಿ, ಒಳಗೆ ಎಲ್ಲರೂ ಮಾಸ್ಕ್ ಹಾಕೋ ಹಾಗಿದ್ರೆ ನಾನೂ ಬರ್ತೀನಿ. ಡಾಕ್ಟರನ್ನ ಕೇಳಿದೀನಿ. ಎಲ್ಲರೂ ಹಾಕಿದ್ರೆ ಒಂದು ಗಂಟೆ ಕೂತ್ಕೋಬಹುದು ಅಂದ್ರು,” ಎಂದಳು.

“ಅದಕ್ಕೇನಮ್ಮ, ಎಲ್ಲರಿಗೂ ಹೇಳ್ತೀನಿ.”

“ಹೇಳೋದಲ್ಲ ಆಂಟಿ, ರೂಲ್ ಅಂತ ಮಾಡಿ. ನನಗೋಸ್ಕರ ಅಂತ ಮಾತ್ರ ಹೇಳ್ಬೇಡಿ, ಪ್ಲೀಸ್. ಎಲ್ಲಿ ಹೋದ್ರೂ ಪೇಶೆಂಟ್ ಆಗಿ ಆಗಿ ಸಾಕಾಗಿದೆ. ಒಂದು ಗಂಟೆ ಸುಮ್ನೆ ಎಲ್ಲರ ಥರ ಕೂತು ಕನ್ನಡ ಕೇಳಿಸ್ಕೊಂಡು ಬರ್ತೀನಿ, ಅಷ್ಟೇ.”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ನನ್ನ ಗೆಳತಿಯೊಬ್ಬಳಿಗೆ “ಯಾರಿಗೂ ಹೇಳಬೇಡ” ಎಂದು ಹೇಳಿಯೇ ಹೇಳಿದೆ. ಅವಳೂ ಅದೇ ಷರತ್ತಿನ ಮೇಲೆ ಮುಂದಕ್ಕೆ ಹೇಳಿರಬೇಕು.

ನನ್ನ ಗಂಡ ಎದೆರೋಗದ ಡಾಕ್ಟರು, ಈಗ ನಿವೃತ್ತರು. ಮಾಸ್ಕ್ ಕಡ್ಡಾಯ ಮಾಡುತ್ತೇನೆ ಎಂದಾಗ ಅವರೇ ಮೊದಲು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ರೊಟ್ಟಿ ಮುರಿಯುತ್ತಾ ತಲೆ ಎತ್ತದೆ ಕೇಳಿದರು.

“ಕಡ್ಡಾಯ ಅಂದ್ರ ಕಾಯಾವ್ರು ಯಾರು? ನೀ ಬಾಗಲದಾಗ ಬಡಿಗಿ ಹಿಡಕೊಂಡು ನಿಂದರ್ತೀಯೇನು?”

“ನಿಂದರ್ತೀನಿ.”

“ಸರಕಾರದವ್ರು ಕಾಯ್ದೆ ಮಾಡಿದಾಗನ ಟ್ಯೂಬ್ ರೈಲಿನ್ಯಾಗ ಅರ್ಧ ಮಂದಿ ಗದ್ದಕ್ಕ ಹಾಕ್ಕೊಂಡು ಕೂಡತಿದ್ರು. ತಿಳಿಸಿ ಹೇಳು. ತಿಳದಾಂವ ಹಾಕ್ತಾನ. ತಿಳೀಲಾರದಾಂವಗ ಕಾಯ್ದೆ ಮಾಡಿದ್ರ ಗದ್ದಕ್ಕ ಹಾಕ್ತಾನ.”

“ತಿಳಿಸಿ ಹೇಳಬೇಕಾದ್ರ ಆಕಿ ಕಿಡ್ನಿ ಕತಿ ಹೇಳಬೇಕಾಗ್ತದ. ಕಾಯ್ದೆ ಇದ್ರ ಯಾರ ಕತೀನೂ ಬ್ಯಾಡ.”

ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ವಾದದಲ್ಲಿ ನಾನು ಗೆದ್ದೆ ಎಂದುಕೊಂಡೆ. ಈಗಲೂ ಆ ವಾದ ಸರಿ ಎಂದೇ ನನ್ನ ಅಭಿಪ್ರಾಯ. ಅದನ್ನು ಹೇಳುವ ಹೊತ್ತಿಗೆ ಕತೆಯನ್ನು ಗೆಳತಿಗೆ ಹೇಳಿಯಾಗಿತ್ತು ಅನ್ನುವುದಷ್ಟೇ ಅದರ ದೋಷ.

ಈ ದೇಶದಲ್ಲಿ ಮಾಸ್ಕಿನ ಕಾಯ್ದೆ ಬಂದು, ಹೋಗಿ, ವರ್ಷಗಳಾಗಿದ್ದವು. ಕೆಲವು ವಾರ್ಡುಗಳ ಬಾಗಿಲಲ್ಲಿ ಮಾತ್ರ ಚಳಿಗಾಲದಲ್ಲಿ ಮಾಸ್ಕಿನ ಡಬ್ಬ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ನಮ್ಮವರಿಗೆ ಮಾತ್ರ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ ಎಂದು ನಾನು ನಂಬಿದ್ದೆ. ಎಂಜಲು ಎಂಬ ಮಾತು ಗೊತ್ತಿದ್ದವರಿಗೆ ಮಾಸ್ಕ್ ಯಾಕೆ ಎಂದು ವಿವರಿಸಬೇಕೆ? ಒಬ್ಬರು ಕಚ್ಚಿದ ಹಣ್ಣು ಇನ್ನೊಬ್ಬರು ತಿನ್ನದ, ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮಂದಿ ನಾವು. ಧಾರವಾಡದಲ್ಲಿ ನನ್ನ ಅಜ್ಜಿ ಸಂಕ್ರಾಂತಿಗೆ ಕುಸುರೆಳ್ಳು ಮಾಡಲು ಕೂತರೆ ಬಾಯಿಗೆ ಒಂದು ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಸಣ್ಣ ಉರಿ, ಅಗಲವಾದ ಪರಾತ, ಹುರಿದ ಎಳ್ಳಿನ ಮೇಲೆ ಚಮಚೆ ಚಮಚೆಯಾಗಿ ಸಕ್ಕರೆ ಪಾಕ, ಬೆರಳಿನಿಂದ ಆಡಿಸುತ್ತಾ ಆಡಿಸುತ್ತಾ ಒಂದೊಂದು ಕಾಳಿಗೂ ಮುಳ್ಳು ಮೂಡುವವರೆಗೆ ಗಂಟೆಗಟ್ಟಲೆ ಕೂಡಬೇಕು. ದೇವರ ಮುಂದೆ ಇಡುವುದಕ್ಕೆ ಮೊದಲು ಉಗುಳು ಸಿಡಿಯಬಾರದು. ನಾವು ಏನಾದರೂ ಕೇಳಿದರೆ ಹುಬ್ಬಿನಲ್ಲೇ ಉತ್ತರ ಕೊಡುತ್ತಿದ್ದಳು.

ಗುಂಪಿನಲ್ಲಿ ಸೂಚನೆ ಹಾಕಿದೆ. ಚಳಿಗಾಲ ಮುಗಿಯುವವರೆಗೆ ಹಾಲಿನ ಒಳಗೆ ಮಾಸ್ಕ್ ಕಡ್ಡಾಯ. ಒಳಗೆ ತಿಂಡಿ ಇಲ್ಲ, ಕಟ್ಟಿ ಕೊಡಲಾಗುವುದು. ಚಹಾ ಹೊರಗೆ. ಹತ್ತು ಹೆಬ್ಬೆರಳು, ಆರು ಕೈಮುಗಿತ ಬಂದವು. ಯಾರೋ ಒಬ್ಬರು “ಇನ್ನೂ ಮಾಸ್ಕಾ?” ಎಂದು ಹಾಕಿ ನಿಮಿಷದೊಳಗೆ ಅಳಿಸಿದರು. ನಮ್ಮಲ್ಲಿ ಬೇಡ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಬೇಡವಾದದ್ದಕ್ಕೂ ಕೈಮುಗಿತವೇ ಬರುತ್ತದೆ ಎಂಬುದು ಗೊತ್ತಿದ್ದೂ ನಾನು ಅದನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿದೆ. ಅದೇ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಗಾಜಿನ ಬಾಗಿಲಿಗೆ ಅಂಟಿಸಿದೆ.

ಜನವರಿಯ ಸಭೆ ಸಂಕ್ರಾಂತಿಗೆ ಹೊಂದಿಕೊಂಡು ಬಂತು. ಹಿಂದಿನ ದಿನ ಅಡುಗೆಮನೆಯಲ್ಲಿ ಕೂತು ಕುಸುರೆಳ್ಳು ಮಾಡಿದೆ. ಅಜ್ಜಿಯ ಬಿಳಿ ಬಟ್ಟೆಯ ಬದಲು ನೀಲಿ ಮಾಸ್ಕ್ ಕಟ್ಟಿಕೊಂಡಿದ್ದೆ. ಅದನ್ನು ಮೂವತ್ತು ಪುಟ್ಟ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಮನೆಗೆ ಹೋಗಿ ತಿನ್ನಬೇಕು ಎಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಹೋದೆ.

ಅವಳು ಬಂದಳು. ಬೂದು ಬಣ್ಣದ ಕೋಟು, ಮೂಗಿಗೆ ಬಿಗಿಯಾಗಿ ಕೂಡುವ ಬಿಳಿ ಮಾಸ್ಕ್. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ಬಾಗಿಲನ್ನು ಗೇಣಿನಷ್ಟು ತೆರೆದಿಟ್ಟೆ. ಸುತ್ತ ನೋಡಿದೆ. ಇಪ್ಪತ್ತೆಂಟು ಜನ, ಇಪ್ಪತ್ತೆಂಟು ಮಾಸ್ಕ್. ಎಲ್ಲರ ಕಣ್ಣು ಮಾತ್ರ ಕಾಣುತ್ತಿತ್ತು. ಹಾಡಿದವರ ದನಿ ಹೊದಿಕೆಯೊಳಗಿಂದ ಬಂದ ಹಾಗೆ ಬಂತು, ಆದರೂ ಹಾಡಿದರು. ಇದು ನನ್ನ ಸಾಧನೆ ಎಂದು ನಾನು ಉಬ್ಬಿದ್ದು ನಿಜ.

ಹಾಡು ಮುಗಿದ ಮೇಲೆ ಪೊಟ್ಟಣ ಹಂಚಲು ಎದ್ದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರು ಮೈಸೂರಿನ ಅಮ್ಮ. ಎಂಬತ್ತು ದಾಟಿದೆ. ಅವರು ಎದ್ದರೆ ಉಳಿದವರೂ ಏಳುತ್ತಾರೆ. ಅವರು ಪೊಟ್ಟಣವನ್ನು ತಿರುಗಿಸಿ ನೋಡಿದರು.

“ಇದೇನಮ್ಮ, ಪಾರ್ಸಲ್ಲಾ? ಕೈಯಲ್ಲಿ ಕೊಟ್ಟು, ಬಾಯಿಗೆ ಹಾಕ್ಕೊಂಡು ಒಳ್ಳೆ ಮಾತಾಡದೇ ಇದ್ರೆ ಅದೆಂಥಾ ಸಂಕ್ರಾಂತಿ?”

“ಒಳಗೆ ತಿಂಡಿ ಬೇಡ ಅಂತ ರೂಲ್ ಮಾಡಿದೀವಲ್ಲಮ್ಮ.”

“ಇದು ತಿಂಡಿಯೇನೇ? ಶಾಸ್ತ್ರ. ಒಂದು ಚಿಟಿಕೆ.”

ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಮಂಗಳೂರಿನ ಒಬ್ಬರು ತಮ್ಮ ಪೊಟ್ಟಣ ಆಗಲೇ ಬಿಚ್ಚಿದ್ದರು. ಆ ಕ್ಷಣಕ್ಕೆ ನನಗೂ ಆ ಮಾತು ಸರಿಯೆನಿಸಿತು ಎಂಬುದು ಈಗ ನೆನೆದರೆ ವಿಚಿತ್ರ. ಕುಸುರೆಳ್ಳು ತಿಂಡಿಯಲ್ಲ, ಆದ್ದರಿಂದ ನಿಯಮ ಮುರಿದ ಹಾಗಾಗುವುದಿಲ್ಲ. ಹೀಗೆ ಯೋಚನೆ ಮಾಡಲು ನಮ್ಮವರೇ ಆಗಬೇಕು.

ಅಮ್ಮ ನೇರ ಅವಳ ಕುರ್ಚಿಯ ಹತ್ತಿರ ಹೋದರು. ಮಾಸ್ಕನ್ನು ಗದ್ದಕ್ಕೆ ಇಳಿಸಿದರು. ಅವಳ ಅಂಗೈಗೆ ಎಳ್ಳು ಸುರಿದು, ಎರಡೂ ಕೈಯಿಂದ ಅವಳ ಕೆನ್ನೆ ಸವರಿ, ತಮ್ಮ ಹಣೆಗೆ ಒತ್ತಿ ಲಟಿಕೆ ಮುರಿದರು. “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಕಂದ. ನಿಂಗೆಲ್ಲಾ ಒಳ್ಳೇದಾಗತ್ತೆ,” ಎಂದರು. ಆ ಕೊನೆಯ ಮಾತಿನಿಂದಲೇ ಗೊತ್ತಾಯಿತು, ನನ್ನ ಗುಟ್ಟು ಹಾಲಿನ ತುಂಬ ಓಡಾಡಿ ಬಂದಿದೆ ಎಂದು.

ಆಮೇಲೆ ಸಾಲು ಹತ್ತಿತು. ನಾನು ದೂರ ನಿಂತು ನೋಡಿದೆ. ಜನ ತಮ್ಮ ತಮ್ಮಲ್ಲಿ ಮಾತಾಡುವಾಗ ಮಾಸ್ಕ್ ಮೂಗಿನ ಮೇಲೇ ಇರುತ್ತಿತ್ತು. ಅವಳ ಮುಂದೆ ಬಂದಾಗ ಮಾತ್ರ ಇಳಿಯುತ್ತಿತ್ತು. ಒಬ್ಬರಲ್ಲ, ಇಬ್ಬರಲ್ಲ, ಎಲ್ಲರದೂ. ಮುಖ ತೋರಿಸದೆ ಮಾತಾಡಿಸುವುದು ನಮ್ಮಲ್ಲಿ ಮುನಿಸಿಕೊಂಡವರು ಮಾಡುವ ಕೆಲಸ. ಕಷ್ಟಪಟ್ಟು ಬದುಕಿ ಬಂದ ಹುಡುಗಿಯನ್ನು ಬಟ್ಟೆಯ ಹಿಂದಿನಿಂದ ಮಾತಾಡಿಸಲು ಯಾರಿಗೂ ಮನಸ್ಸು ಬರಲಿಲ್ಲ. ಇಡೀ ಹಾಲಿನಲ್ಲಿ ಯಾರಿಗೆ ಯಾರ ಉಸಿರೂ ತಾಗಬಾರದು ಎಂದು ನಿಯಮ ಮಾಡಿದ್ದೆವೋ, ಅವಳೊಬ್ಬಳ ಮುಖದ ಮುಂದೆಯೇ ಎಲ್ಲರ ಬಾಯಿ ತೆರೆದಿತ್ತು. ಪ್ರೀತಿಯಿಂದ.

ಅವಳ ಕಣ್ಣು ನಗುತ್ತಿತ್ತು, ಬೆನ್ನು ಕುರ್ಚಿಗೆ ಒತ್ತಿಕೊಂಡಿತ್ತು. ಕೈಯಲ್ಲಿ ಸೇರಿದ ಎಳ್ಳನ್ನು ಬಾಯಿಗೆ ಹಾಕದೆ ಕೋಟಿನ ಜೇಬಿಗೆ ಸುರಿದುಕೊಳ್ಳುತ್ತಿದ್ದಳು. ಒಮ್ಮೆ ನನ್ನ ಕಡೆ ನೋಡಿದಳು. ಬಿಡಿಸಬೇಕು ಎಂದು ನಾನು ಹೋದೆ. ಹೋದವಳು, ಅಷ್ಟು ಹತ್ತಿರ ಹೋದ ಮೇಲೆ, ನನ್ನ ಮಾಸ್ಕನ್ನೂ ಎಳೆದು, “ನಾವೂ ನೀವೂ ಎಳ್ಳು ಬೆಲ್ಲದಂಗ ಇರೋಣು,” ಎಂದೆ. ನಿಯಮ ಬರೆದ ಕೈಯಲ್ಲೇ ಎಳೆದೆ. ಯಾಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಮಾತು ಹೇಳುವಾಗ ಬಾಯಿ ಕಾಣಬೇಕು ಎಂದು ನನ್ನ ಕೈಗೆ ಅನಿಸಿತ್ತು, ಅಷ್ಟೇ ಉತ್ತರ.

ನನ್ನ ಗಂಡ ಒಬ್ಬರೇ ಮಾಸ್ಕ್ ಇಳಿಸಲಿಲ್ಲ. ಎರಡು ಮಾರು ದೂರ ನಿಂತು ಅವಳಿಗೆ ಕೈಮುಗಿದು ಮುಂದೆ ಹೋದರು. “ಡಾಕ್ಟರಿಗೆ ಇನ್ನೂ ಆಸ್ಪತ್ರೆ ಗತ್ತು ಹೋಗಿಲ್ಲ,” ಎಂದು ಹಿಂದೆ ಯಾರೋ ನಕ್ಕರು. ಅವಳು ನಲವತ್ತು ನಿಮಿಷಕ್ಕೇ ಎದ್ದು ಹೊರಟಳು.

ಐದು ದಿನ ಅವಳು ಬೆಳಿಗ್ಗೆ ಸಂಜೆ ಜ್ವರ ನೋಡಿಕೊಂಡಳಂತೆ. ಆರನೆಯ ದಿನ ಫೋನ್ ಮಾಡಿದಳು.

“ಏನೂ ಆಗ್ಲಿಲ್ಲ ಆಂಟಿ, ಚೆನ್ನಾಗಿದೀನಿ. ಹಾಡು ತುಂಬಾ ಚೆನ್ನಾಗಿತ್ತು.” ಆಮೇಲೆ ಕೇಳಿದಳು, “ಎಲ್ಲರಿಗೂ ಗೊತ್ತಿತ್ತು, ಅಲ್ವಾ?”

ನಾನು ಹಾಡಿನ ಮಾತಿಗೇ ತಿರುಗಿದೆ.

“ಅಷ್ಟು ದೊಡ್ಡವರಿಗೆ ಮಾಸ್ಕ್ ಮೇಲೆ ಮಾಡ್ಕೊಳ್ಳಿ ಅಂತ ನಾನು ಹೇಗೆ ಹೇಳ್ಲಿ ಆಂಟಿ? ಅದಕ್ಕೇ ರೂಲ್ ಕೇಳಿದ್ದು. ಹೇಳೋ ಕೆಲಸ ನೀವು ಅಂಟಿಸಿರೋ ಕಾಗದ ಮಾಡತ್ತೆ ಅಂದ್ಕೊಂಡಿದ್ದೆ.”

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟೆಲ್ಲ ಮಾಡಿದ್ದಕ್ಕೆ ಇದೇ ಉಡುಗೊರೆಯೇ ಅನಿಸಿತು. ನಾಚಿಕೆ ಬಂದದ್ದು ಆಮೇಲೆ, ಬಂದದ್ದು ಹೋಗಲಿಲ್ಲ. “ಇನ್ನು ಹಾಗಾಗಲ್ಲಮ್ಮ. ನೀನು ಬರೋ ದಿನ, ಬರದೇ ಇರೋ ದಿನ ಅಂತಿಲ್ಲ. ರೂಲ್ ಅಂದ್ರೆ ಎಲ್ಲರಿಗೂ, ಎಲ್ಲಾ ಸಲಕ್ಕೂ,” ಎಂದೆ. ಅವಳು ಥ್ಯಾಂಕ್ಸ್ ಹೇಳಿದಳು. ನಾನು ಹೊಸ ಕಾಗದ ಬರೆದೆ. ಈ ಸಲ ಮಾತಾಡುವಾಗಲೂ ಇಳಿಸಬಾರದು, ಶಾಸ್ತ್ರಕ್ಕೂ ಇಳಿಸಬಾರದು ಎಂದು ಸೇರಿಸಿದೆ. ನನ್ನ ಗಂಡ ಅದನ್ನು ಓದಿ, “ಇನ್ನ ಸೀನೂದಕ್ಕ ಒಂದು ಕಲಂ ಹಾಕು,” ಎಂದರು.

ಫೆಬ್ರವರಿಯ ಸಭೆಗೆ ಎರಡು ದಿನ ಮೊದಲು ಅವಳಿಂದ ಮೆಸೇಜ್ ಬಂತು. ಆ ಶನಿವಾರವೇ ಸ್ಕ್ಯಾನಿಗೆ ಕರೆದಿದ್ದಾರೆ, ಈ ಸಲ ಬರಲಾಗುವುದಿಲ್ಲ ಎಂದು. ನಾನು ಅದನ್ನು ಗುಂಪಿಗೆ ಹಾಕಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಶನಿವಾರ ಎಲ್ಲರೂ ಮಾಸ್ಕ್ ಹಾಕಿಕೊಂಡೇ ಬಂದರು. ಹೀಟರ್ ಜೋರಾಗಿತ್ತು, ಹೊರಗೆ ಜಿಟಿಜಿಟಿ. ಮೈಸೂರಿನ ಅಮ್ಮ ಬಾಗಿಲ ಪಕ್ಕದ ಕುರ್ಚಿ ನೋಡಿ, “ಆ ಮಗು ಬರಲ್ವಾ?” ಎಂದು ಕೇಳಿದರು.

“ಇಲ್ಲಮ್ಮ, ಈ ಸಲ ಇಲ್ಲ,” ಎಂದೆ.

ನಾನು ಹೇಳಿದ್ದು ಅಷ್ಟೇ. ಯಾರೂ ಮತ್ತೇನೂ ಕೇಳಲಿಲ್ಲ, ತೆಗೆಯೋಣವೇ ಎನ್ನಲೂ ಇಲ್ಲ. ಮೊದಲು ಅಮ್ಮನ ಮಾಸ್ಕ್ ಗದ್ದಕ್ಕೆ ಬಂತು, ಆಮೇಲೆ ಅವರ ಪಕ್ಕದವರದು. ಹತ್ತು ನಿಮಿಷದಲ್ಲಿ ಹಾಲಿನಲ್ಲಿ ಮುಖಗಳು ಕಾಣತೊಡಗಿದವು, ದನಿ ಏರಿತು, ನಗು ಬಂತು. ನಾನು ಇಪ್ಪತ್ತು ನಿಮಿಷ ತಡೆದೆ. ಎದ್ದು ಹೇಳಬೇಕು ಎಂದು ಎರಡು ಸಲ ಗಂಟಲು ಸರಿ ಮಾಡಿಕೊಂಡೆ. ಅವಳೇ ಇಲ್ಲದ ಮೇಲೆ ಯಾರಿಗಾಗಿ ಎಂದು ನನ್ನೊಳಗೇ ಒಂದು ದನಿ ಕೇಳಿತು. ಅಷ್ಟರಲ್ಲಿ ಯಾರೋ ಅಂಗಡಿಯಿಂದ ತಂದ ಬಿಸಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚಿದರು. ಹೊರಗೆ ಮಳೆ ಎಂಬ ನೆಪವೂ ಇತ್ತು. ನಾನು ಮಾಸ್ಕ್ ತೆಗೆದು ಬ್ಯಾಗಿಗೆ ಹಾಕಿದೆ. ಉಸಿರಾಡಲು ಹಾಯೆನಿಸಿತು.

ನನ್ನ ಗಂಡ ಅವಳ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಮೂಗಿನ ಮೇಲೆ ಮಾಸ್ಕ್ ಹಾಗೇ ಇತ್ತು.

“ತೆಗೀರಿ, ಬಜ್ಜಿ ಆರತಾವ. ಆಕಿ ಇವತ್ತು ಬರಾಂಗಿಲ್ಲ,” ಎಂದೆ.

“ನಾ ಆಕೀಗಂತ ಹಾಕಿಲ್ಲ. ಟ್ಯೂಬಿನ್ಯಾಗೂ ಹಾಕ್ತೀನಿ,” ಎಂದು ಪುಟ ತಿರುಗಿಸಿದರು.

ನಾನು ಎರಡನೆಯ ಬಜ್ಜಿ ಕಚ್ಚಿದ್ದೆ. ಯಾರದೋ ಮಾತಿಗೆ ಬಾಯಿ ತೆರೆದು ನಗುತ್ತಿದ್ದೆ. ಗಾಜಿನ ಆಚೆ ಬೂದು ಕೋಟು ಕಾಣಿಸಿತು. ಸ್ಕ್ಯಾನ್ ಬೇಗ ಮುಗಿದಿತ್ತಂತೆ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಕೂದಲ ಮೇಲೆ ಮಳೆಯ ಹನಿ, ಮುಖಕ್ಕೆ ಅದೇ ಬಿಗಿ ಮಾಸ್ಕ್. ಒಂದು ಕೈ ಬಾಗಿಲ ಹಿಡಿಯ ಮೇಲಿತ್ತು. ಅವಳ ಭುಜದ ಎತ್ತರಕ್ಕೆ ನನ್ನ ಕಾಗದ ಅಂಟಿಕೊಂಡಿತ್ತು. ಅವಳ ಕಡೆಗೆ ಅಕ್ಷರ, ನನ್ನ ಕಡೆಗೆ ಬರೀ ಬಿಳಿ ಬೆನ್ನು. ಅವಳು ಕಾಗದ ನೋಡಿದಳು, ಒಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹಿಡಿಯ ಮೇಲಿನ ಕೈ ತೆಗೆದಳು.

ಯಾರೋ “ಅಯ್ಯೋ, ಬಂದ್ರು” ಎಂದರು. ಹಾಲಿನಲ್ಲಿ ಒಮ್ಮೆಲೇ ಗಡಿಬಿಡಿ. ಗದ್ದದಿಂದ ಮೇಲಕ್ಕೆ, ಜೇಬಿನಿಂದ ಹೊರಕ್ಕೆ, ಇಪ್ಪತ್ತು ಮೂವತ್ತು ಕೈ ಒಟ್ಟಿಗೆ ಮುಖಕ್ಕೆ ಹೋದವು. ಸಾಹೇಬರು ಬಂದಾಗ ಶಾಲೆಯ ಮಕ್ಕಳು ಪುಸ್ತಕ ತೆರೆಯುವ ಹಾಗೆ. ನಾನು ಬಜ್ಜಿಯನ್ನು ಕುರ್ಚಿಯ ಮೇಲೆ ಇಟ್ಟು, ಎಣ್ಣೆ ಕೈಯಲ್ಲೇ ಬ್ಯಾಗಿನಲ್ಲಿ ತಡಕಾಡಿ ಮಾಸ್ಕ್ ಹಾಕಿಕೊಂಡೆ. ಇದಷ್ಟನ್ನೂ ಅವಳು ನಿಂತು ನೋಡಿದಳು. ಎಲ್ಲರ ಥರ ಕೂತು ಬರ್ತೀನಿ ಎಂದವಳಿಗೆ, ಇದು ಅವಳೊಬ್ಬಳಿಗೆಂದೇ ಇದ್ದ ನಿಯಮ ಎಂದು ಹೇಳಲು ನಮ್ಮ ಕೈಗಳೇ ಸಾಕಾದವು.

ನನ್ನ ಗಂಡ ಪತ್ರಿಕೆ ಮಡಚಿಟ್ಟು, ಕೋಟು ಕೂಡ ಹಾಕಿಕೊಳ್ಳದೆ, ಬಾಗಿಲು ತೆರೆದು ಹೊರಗೆ ಹೋದರು. ಹಿಂದಿನಿಂದ ಮುಚ್ಚಿಕೊಂಡರು. ಇಬ್ಬರೂ ಮಳೆಯಲ್ಲಿ ಏನೋ ಮಾತಾಡಿದರು, ನನಗೆ ಕೇಳಿಸಲಿಲ್ಲ. ಆಮೇಲೆ ಮನೆಯಲ್ಲಿ ಕೇಳಿದಾಗ ಸ್ಕ್ಯಾನ್ ಚೆನ್ನಾಗಿ ಬಂದಿದೆಯಂತೆ ಎಂದಷ್ಟೇ ಹೇಳಿದರು. ಅದನ್ನು ಹೇಳಲಿಕ್ಕೇ ಬಂದಿದ್ದಳಂತೆ, ಡಬ್ಬಿಯಲ್ಲಿ ರವೆ ಉಂಡೆ ಇತ್ತು. ಅವತ್ತಿನಿಂದ ಅವಳು ಬಂದಿಲ್ಲ. ಗುಂಪಿನಲ್ಲಿ ಹಬ್ಬಕ್ಕೆ ಕೈಮುಗಿತ ಹಾಕುತ್ತಾಳೆ.

ಆ ದಿನ ಹೋಗುವ ಮೊದಲು ಅವಳು ಡಬ್ಬಿಯನ್ನು ನನ್ನ ಗಂಡನ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಬಯಲು ಗಾಳಿಯಲ್ಲಿ ನಿಂತು ತನ್ನ ಮಾಸ್ಕ್ ತೆಗೆದಳು. ನಾನು ಅವಳ ಇಡೀ ಮುಖ ನೋಡಿದ್ದು ಅದೇ ಮೊದಲು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು. ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು ಇತ್ತು. ಗಾಜಿನ ಆಚೆಯಿಂದ ನನ್ನನ್ನೇ ನೋಡಿ ನಕ್ಕಳು, ಸಿಟ್ಟಿನ ನಗೆಯಲ್ಲ, ಹೋಗಿ ಬರ್ತೀನಿ ಅನ್ನುವ ನಗೆ. ನಾನೂ ನಕ್ಕೆ. ಮಾಸ್ಕಿನೊಳಗೆ ನಕ್ಕದ್ದು ಅವಳಿಗೆ ಕಾಣಿಸಿರಲಿಕ್ಕಿಲ್ಲ.